ಬಿಟ್ಟಮೆಳೆ ಎಂಬ ಹೆಸರು ಬಂದದ್ದು

ನಮ್ಮ ಊರಿನ ದಿಣ್ಣೆಯಿಂದ ಪಡುವಲಿಗೆ ಇಳಿದರೆ ಜಿನುಗುಹಳ್ಳ ಸಿಗುತ್ತದೆ. ಅದು ಸೊಂಟ ಮುರಿದಂತೆ ತಿರುಗುವ ಜಾಗದಲ್ಲಿ, ದಂಡೆಯ ಮೇಲೆ, ಆಳೆತ್ತರ ಮೀರಿ ಬೆಳೆದ ಕೇದಗೆಯ ಮೆಳೆಯೊಂದಿದೆ. ಗರಗಸದಂಥ ಮುಳ್ಳಂಚಿನ ಎಲೆಗಳು, ಮಣ್ಣನ್ನು ಬಾಚಿ ಹಿಡಿದ ಬೇರುಗಳು. ಭಾದ್ರಪದದಲ್ಲಿ ಹೂವಾದಾಗ ಅದರ ಕಂಪು ದಿಣ್ಣೆಯ ಮೇಲಿನವರೆಗೂ ಬರುತ್ತದೆ. ಆ ಜಾಗಕ್ಕೆ ಬಿಟ್ಟಮೆಳೆ ಎಂದು ಹೆಸರು. ಹೊಸಬರು ಹೂ ಬಿಟ್ಟ ಮೆಳೆ ಎಂದು ತಿಳಿಯುತ್ತಾರೆ. ಅದು ಹಾಗಲ್ಲ. ಕಡಿಯದೆ ಬಿಟ್ಟದ್ದಕ್ಕೆ ಆ ಹೆಸರು.

ಹಿಂದೆ ಒಮ್ಮೆ ನಮ್ಮ ಊರು ದಿಣ್ಣೆಯ ಮೇಲಿರಲಿಲ್ಲ, ಹಳ್ಳದ ದಂಡೆಯಲ್ಲೇ ಇತ್ತು ಎನ್ನುತ್ತಾರೆ. ಊರಿನುದ್ದಕ್ಕೂ ದಂಡೆಯ ಮೇಲೆ ಕೇದಗೆ ದಟ್ಟವಾಗಿ ಬೆಳೆದಿತ್ತು. ಊರ ಯಜಮಾನ ಯರೇಗೌಡ, ಅವನ ಹೆಂಡತಿ ಮಂಚಮ್ಮ. ಹರಕೆ ಹೊತ್ತು ಬಹುಕಾಲಕ್ಕೆ ಪಡೆದ ಒಬ್ಬಳೇ ಮಗಳು ಕೆಂಪಿ. ಒಂದು ಗೌರಿಹಬ್ಬದ ಬೆಳಿಗ್ಗೆ ಆ ಹುಡುಗಿ ಜಡೆಗೆ ಹೂ ಮುಡಿಯಲೆಂದು ಹಳ್ಳದ ತಿರುವಿನ ಮೆಳೆಗೆ ಕೈ ಹಾಕಿದಳು. ಮಂಚಮ್ಮ ಮನೆಯಲ್ಲಿ ಬಾಗಿನದ ಮೊರ ಜೋಡಿಸುತ್ತಿದ್ದಳು. ಮಗಳು ನಡೆದು ಬಂದು, ಹೂವನ್ನು ತಾಯಿಯ ಮಡಿಲಿಗೆ ಹಾಕಿ, “ಅವ್ವ, ಮುಳ್ಳು ಚುಚ್ಚಿತು” ಎಂದು ಪಕ್ಕದಲ್ಲಿ ಕೂತಳು. ಮುಳ್ಳೆಂದೇ ನಂಬಿ ತಾಯಿ ಅರಿಶಿನ ಹಚ್ಚಿದಳು. ಹಚ್ಚುತ್ತಿರುವಾಗಲೇ ಮಗುವಿನ ರೆಪ್ಪೆ ಜೋತುಬಿತ್ತು. ಚುಚ್ಚಿದ್ದು ಮುಳ್ಳಲ್ಲ, ನಾಗರಹಾವಿನ ಹಲ್ಲು ಎಂದು ಗೊತ್ತಾಗುವಷ್ಟರಲ್ಲಿ ಉಸಿರು ನಿಂತಿತ್ತು.

ಯರೇಗೌಡ ಅಳಲಿಲ್ಲ. ಬೇಸಿಗೆಯವರೆಗೆ ಕಾದು, ಆಮೇಲೆ ಊರಿನವರ ಕೈಗೆಲ್ಲ ಕೊಡಲಿ ಕೊಟ್ಟು ದಂಡೆಯ ಕೇದಗೆಯನ್ನು ಬುಡಸಮೇತ ಕಡಿಸಿದನು. ಕಡಿದದ್ದು ಒಣಗಿದ ಮೇಲೆ ಬೆಂಕಿಯಿಟ್ಟರು. ಹೊಗೆಯಿಂದ ಹೊರಬಂದ ಹಾವುಗಳನ್ನು ಕಂಡಲ್ಲಿ ಬಡಿದರು. ಹೆತ್ತ ಮಗಳನ್ನು ಕಳೆದುಕೊಂಡವನಿಗೆ ಬುದ್ಧಿ ಹೇಳುವವರು ಯಾರು? ಕೊನೆಗೆ ತಿರುವಿನ ಮೆಳೆಯೊಂದೇ ಉಳಿಯಿತು. ಅದನ್ನು ಕಡಿಯಲು ಗೌಡ ತಾನೇ ಹೋದಾಗ ಅದರ ಮುಂದೆ ಮಂಚಮ್ಮ ಕೂತಿದ್ದಳು. ಏಳು ಎಂದನು. ಅವಳು ಏಳಲಿಲ್ಲ.

“ಕೆಂಪಿ ಅಪ್ಪ,” ಎಂದಳು. ಮಗಳು ಹೋದ ಮೇಲೂ ಅವಳು ಗಂಡನನ್ನು ಹಾಗೆಯೇ ಕರೆಯುತ್ತಿದ್ದಳು. “ಹಾವು ನಮ್ಮ ಮನೆಗೆ ಬಂದಿರಲಿಲ್ಲ. ನಮ್ಮ ಕೂಸೇ ಅದರ ಮನೆಗೆ ಹೋಗಿತ್ತು. ಅವಳು ನಗುತ್ತಾ ನಿಂತಿದ್ದ ಕಡೇ ಜಾಗ ಇದು. ಇದನ್ನೂ ಸುಟ್ಟರೆ ನಾನು ಎಲ್ಲಿಗೆ ಬಂದು ಅಳಲಿ?”

ಗೌಡ ಕೊಡಲಿಯನ್ನು ಹಳ್ಳಕ್ಕೆ ಎಸೆದು ಮನೆಗೆ ಹೋದನು. ಅಂದಿನಿಂದ ಹೆಂಡತಿಯೊಡನೆ ಮಾತು ಬಿಟ್ಟನು.

ಆ ವರ್ಷದ ಚಿತ್ತೆ ಮಳೆಯಲ್ಲಿ ಒಂದು ಬೆಳಿಗ್ಗೆ, ಜನ ಇನ್ನೂ ಹಾಲು ಕರೆಯುತ್ತಿದ್ದ ಹೊತ್ತಿಗೆ, ಮೇಲಿನ ಗುಡ್ಡಗಳ ನೀರೆಲ್ಲ ಒಮ್ಮೆಗೇ ಹಳ್ಳಕ್ಕೆ ನುಗ್ಗಿತು. ಅಂಥ ನೀರು ಹಿಂದೆಯೂ ಬಂದಿತ್ತು, ಆದರೆ ಆಗ ದಂಡೆಯಲ್ಲಿ ಕೇದಗೆಯ ಬೇರಿತ್ತು. ಈಗ ಬರಿಮಣ್ಣು ನೆನೆದ ಬೆಲ್ಲದಂತೆ ಕುಸಿಯಿತು. ಹಿಂದೆಯೇ ಮನೆಗಳು ಕುಸಿದವು. ಗೌಡನೂ ಮಂಚಮ್ಮನೂ ಕೊಚ್ಚಿಹೋದರು. ತಿರುವಿನಲ್ಲಿ ಗೌಡನ ಎಡಗೈಗೆ ಏನೋ ತಾಗಿತು. ಹಿಡಿದನು. ಮುಳ್ಳು ಅಂಗೈಯನ್ನು ಸೀಳಿದಾಗಲೇ ಅದು ಕೇದಗೆಯೆಂದು ತಿಳಿದದ್ದು. ಬಲಗೈಯಲ್ಲಿ ಹೆಂಡತಿಯ ಮಣಿಕಟ್ಟಿತ್ತು. ಇಬ್ಬರ ಭಾರವನ್ನೂ ಆ ಮೆಳೆ ತಡೆಯಿತು.

ಆದರೆ ನೀರು ತುಂಬಿದ ಬಿಲಗಳಿಂದ ಎದ್ದ ಹಾವುಗಳಿಗೂ ಹತ್ತಲು ಬೇರೆ ಆಸರೆ ಉಳಿದಿರಲಿಲ್ಲ. ಒಂದು ನಾಗರ ಎಲೆಯಿಂದ ಜಾರಿ ಗೌಡನ ಎಡದೋಳಿಗೆ ಬಂತು. ಕತ್ತಿನ ಹಿಂದೆ ಹಾದು ಬಲದೋಳಿಗೆ ಇಳಿದು, ಮೊಣಕೈಗೆ ಸುತ್ತಿಕೊಂಡು ನಿಂತಿತು. ಕೆಳಗೆ ನೀರಿನಲ್ಲಿ ಜೋತಿದ್ದ ಮಂಚಮ್ಮ ಅದನ್ನು ಕಂಡಳು.

“ನನ್ನ ಕೈ ಬಿಡು, ಕೆಂಪಿ ಅಪ್ಪ. ಅದನ್ನು ಕೊಡವು.”

“ಅಲುಗಬೇಡ” ಎಂದನು. ಬೇಸಿಗೆಯಿಂದೀಚೆಗೆ ಅವನು ಅವಳೊಡನೆ ಆಡಿದ ಮೊದಲ ಮಾತು ಅದು.

ನೀರು ಇಳಿಯುವವರೆಗೆ ಮೂವರೂ ಹಾಗೆಯೇ ಇದ್ದರು ಎನ್ನುತ್ತಾರೆ. ನೀರಿಳಿದ ಮೇಲೆ ಹಾವು ಅವನ ತೋಳಿನ ಸುತ್ತು ಬಿಚ್ಚಿ, ಬಂದ ದಾರಿಯಲ್ಲೇ ಮೆಳೆಯೊಳಕ್ಕೆ ಹೋಯಿತು. ಇಬ್ಬರೂ ದಂಡೆ ಹತ್ತಿ ತಿರುಗಿ ನೋಡಿದರು. ಊರು ಇರಲಿಲ್ಲ. ಅರ್ಧದಷ್ಟು ಜನ ಇರಲಿಲ್ಲ. ಉಳಿದವರು ಬಂದು ಗೌಡನ ಮುಂದೆ ನಿಂತರು. ಒಬ್ಬರೂ ಬಯ್ಯಲಿಲ್ಲ. ಬೈದಿದ್ದರೆ ಅವನು ಬದುಕುತ್ತಿದ್ದನೇನೋ ಎಂದು ಮಂಚಮ್ಮ ಕಡೆಯವರೆಗೂ ಹೇಳುತ್ತಿದ್ದಳಂತೆ. ಸೀಳಿದ ಅಂಗೈಗೆ ಬಟ್ಟೆ ಸುತ್ತಿಕೊಂಡು ಅವನು ಆ ಮೆಳೆಯ ಮರಿಸಸಿಗಳನ್ನು ಕಿತ್ತು ದಂಡೆಯುದ್ದಕ್ಕೂ ನೆಡುತ್ತಾ ಹೋದನು. ಅವು ಹೂ ಬಿಡುವುದನ್ನು ಕಾಣದೆ ತೀರಿಕೊಂಡನು. ಊರಿನವರು ದಿಣ್ಣೆಯ ಮೇಲೆ ಮನೆ ಕಟ್ಟಿಕೊಂಡರು.

ಇಂದಿಗೂ ಬಿಟ್ಟಮೆಳೆಗೆ ಯಾರೂ ಕತ್ತಿ ತಾಗಿಸುವುದಿಲ್ಲ. ಅದರ ಬುಡದಲ್ಲಿ ಒಂದು ಗಿಡ್ಡ ಕಲ್ಲಿದೆ. ಅದರಲ್ಲಿ ಕಡೆದಿರುವುದು ಒಂದು ತೋಳು, ತೋಳಿಗೆ ಸುತ್ತಿದ ಹಾವು. ಹಾವು ಹೆಡೆ ಎತ್ತಿಲ್ಲ. ನೋಡಲು ಬಂದವರು ಕಲ್ಲಿಗೆ ಕೈಮುಗಿದು ಹೂವಿನ ಕಂಪನ್ನು ಹೊಗಳುತ್ತಾರೆ. ಬೇಸಿಗೆಯಲ್ಲಿ ಬಂದವರು ಮಾತ್ರ ಹಳ್ಳದ ಕಡೆಗೂ ತಿರುಗಿ ನೋಡುತ್ತಾರೆ. ನೀರು ಬತ್ತಿದ ಮರಳಿನ ನಡುವೆ ಒರಳುಕಲ್ಲುಗಳು ಕಾಣುತ್ತವೆ, ಬೀದಿ ಹೇಗಿತ್ತೋ ಹಾಗೆ ಸಾಲಾಗಿ. ಒಂದೊಂದು ಒರಳೂ ಒಂದೊಂದು ಮನೆ.