ಕಟ್ಟಿನ ನಡುವಿನ ಎಲೆ

ವರದಾ ನದಿಯ ದಂಡೆಯ ಹಾಲಗಟ್ಟಿಯಲ್ಲಿ ಪರಮಪೂಜ್ಯ ಓಂಕಾರಯ್ಯ ಶಿವಯೋಗಿಗಳು ನೆಲೆಸಿದ್ದ ತಾಣವನ್ನು ಮಠವೆಂದು ಕರೆದವರು ಭಕ್ತರು. ನೋಡುವ ಕಣ್ಣಿಗೆ ಅದು ಹಂಚಿನ ಒಂದು ಪಡಸಾಲೆ, ಹಿತ್ತಿಲಲ್ಲೊಂದು ಬಾವಿ, ಅಂಗಳದಲ್ಲೊಂದು ಬೇವಿನ ಮರ, ಅಷ್ಟೇ. ಶಿವಪೂಜೆ ಮುಗಿಸಿದ ಮೇಲೆ ಶ್ರೀಗಳು ಕಂಬಕ್ಕೊರಗಿ ಕಂಬಳಿಯ ಮೇಲೆ ಕೂತು, ದಾಸೋಹಕ್ಕೆ ಬಂದ ಕಾಳನ್ನು ತಾವೇ ಹಸನು ಮಾಡುತ್ತಿದ್ದರು. ಬಂದವರ ಕಷ್ಟ ಕೇಳುವಾಗಲೂ ಅವರ ಕೈ ಮೊರ ಬಿಡುತ್ತಿರಲಿಲ್ಲ. ಜನ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಒಂದು ಬಿಸಿಲಿನ ದಿನ ಪೇಟೆಯ ವೀಳ್ಯದೆಲೆ ವ್ಯಾಪಾರಿ ಗುರುಶಾಂತಪ್ಪ ಅಲ್ಲಿಗೆ ಬಂದ. ಅಣ್ಣ ಬದುಕಿದ್ದ ತನಕ ಅಂಗಡಿಯ ಚಿಂತೆ ಅವನಿಗಿರಲಿಲ್ಲ. ಅಣ್ಣ ಹೇಳಿದ್ದನ್ನು ಮಾಡಿದರೆ ಮುಗಿಯುತ್ತಿತ್ತು. ಅಣ್ಣ ತೀರಿಕೊಂಡು ಗಾದಿಗೆ ತಾನು ಕೂತಂದಿನಿಂದ, ಏನು ಮಾಡಹೋದರೂ ಇದು ತಪ್ಪಾದೀತು ಎನ್ನುವ ಅಳುಕು. ಈಗ ಆ ಅಳುಕು ಮಗಳ ಮದುವೆಗೇ ಅಡ್ಡ ಕೂತಿತ್ತು.

ತಾಮ್ರದ ಪಾತ್ರೆಯ ವ್ಯಾಪಾರಿ ಚನ್ನವೀರಪ್ಪನ ಮಗನಿಗೆ ಇವನ ಮಗಳು ಶರಣವ್ವನನ್ನು ಕೇಳಿದ್ದರು. ಮನೆತನ ಒಳ್ಳೆಯದು, ಹುಡುಗ ದುಡಿಯುವವನು, ಶರಣವ್ವನೂ ಒಪ್ಪಿದ್ದಳು. ಎಲೆ-ಅಡಿಕೆ ಕೊಟ್ಟು ಮಾತು ಗಟ್ಟಿ ಮಾಡುವುದೊಂದೇ ಬಾಕಿ. ಗುರುಶಾಂತಪ್ಪ ಮಾತ್ರ ನೋಡೋಣ, ನೋಡೋಣ ಎನ್ನುತ್ತಲೇ ಇದ್ದ. ಮುಂದೆ ವ್ಯಾಪಾರ ಬಿದ್ದುಹೋದರೆ? ಹುಡುಗನ ಬುದ್ಧಿ ಕೆಟ್ಟರೆ? ಅಣ್ಣನಾಗಿದ್ದರೆ ತಿಳಿಯುತ್ತಿತ್ತು, ತನಗೆಲ್ಲಿ ಆ ಕಣ್ಣು? ಏನಾದರೊಂದು ನೆವ ಮಾಡಿ ಬೀಗರ ಮನೆಗೆ ಮತ್ತೆ ಮತ್ತೆ ಹೋಗಿ ಗೋಡೆ ತಟ್ಟಿ ನೋಡಿದ, ಬಾವಿಯ ನೀರು ಕುಡಿದು ನೋಡಿದ. "ನೀವು ವರಾ ನೋಡಾಕ ಹೋಗೀರೋ, ಹಳೀ ಮನಿ ಕೊಳ್ಳಾಕ ಹೋಗೀರೋ?" ಎಂದು ಹೆಂಡತಿ ನೀಲವ್ವ ಚುಚ್ಚಿದ್ದಳು. ಊರಿನವರೆಲ್ಲ ಇವನ ಎಲೆ ಒಯ್ದು ಮದುವೆ ಗೊತ್ತು ಮಾಡಿಕೊಳ್ಳುತ್ತಾರೆ, ಇವನ ಮನೆಗೆ ಮಾತ್ರ ಎಲೆ ಸಿಗವಲ್ಲದು ಎಂದು ಪೇಟೆಯಲ್ಲಿ ನಗುವವರೂ ಇದ್ದರು. ಕಡೆಗೆ ಚನ್ನವೀರಪ್ಪ ಹೇಳಿಕಳಿಸಿದ: ಇವತ್ತು ಸಂಜೆಯೊಳಗೆ ಎಲೆ ಬಾರದಿದ್ದರೆ ಬೇರೆ ಕಡೆ ನೋಡುತ್ತೇವೆ.

ಶರಣವ್ವ ಅದನ್ನು ಕೇಳಿಸಿಕೊಂಡಳು. ಒಳಗೆ ಹೋಗಿ ಬೀಸುವ ಕಲ್ಲಿನ ಮುಂದೆ ಕೂತಳು. ಅವಳ ಬೆನ್ನು ನೋಡಲಾರದೆ ಅವನು ಮನೆ ಬಿಟ್ಟು ಹೊರಟ.

ಮಠಕ್ಕೆಂದು ಒಂದು ಕಟ್ಟು ಎಲೆ ತಂದಿದ್ದ. ದಾರಿಯಲ್ಲಿ ಅನುಮಾನ ಬಂದು ಮರದ ಕೆಳಗೆ ಬಿಚ್ಚಿದ, ಒಂದೊಂದನ್ನೇ ಒರೆಸಿ ಮತ್ತೆ ಕಟ್ಟಿದ. ಹೊಳೆ ದಾಟಿದ ಮೇಲೆ ಮತ್ತೊಮ್ಮೆ ಬಿಚ್ಚಿದ. ಮಠದ ಮೆಟ್ಟಿಲ ಮೇಲೆ ಇನ್ನೊಮ್ಮೆ.

ಶ್ರೀಗಳ ಪಾದಕ್ಕೆರಗಿ ಎಲ್ಲ ಹೇಳಿಕೊಂಡ. ಹೇಳುವುದು ಎಷ್ಟು ಉದ್ದವಾಯಿತೆಂದರೆ ಶ್ರೀಗಳು ಒಂದು ಮೊರದ ಕಾಳು ಮುಗಿಸಿ ಇನ್ನೊಂದನ್ನು ತೆಗೆದುಕೊಂಡರು. ಕೊನೆಗೆ ಅವನು ಕೇಳಿದ, "ಮುಂದ ಚೊಲೋ ಆಗತೈತೇನ್ರಿ ಅಜ್ಜಾರ? ಅದೊಂದು ಹೇಳ್ರಿ, ಸಾಕು."

"ಅದು ನನಗ ಗೊತ್ತಿಲ್ಲಪಾ," ಎಂದರು ಶ್ರೀಗಳು.

ಗುರುಶಾಂತಪ್ಪ ತಬ್ಬಿಬ್ಬಾದ. ಅವನು ಕೇಳಲು ಹೋದ ಜೋಯಿಸರು ಒಬ್ಬರಾದ ಮೇಲೊಬ್ಬರು ಭವಿಷ್ಯವನ್ನು ಧಾರಾಳವಾಗಿ ಅಳೆದು ಕೊಟ್ಟಿದ್ದರು. ಇಲ್ಲದ ಸರಕನ್ನು ಇಲ್ಲವೆಂದೇ ಹೇಳುವ ಜಾಗವನ್ನು ಅವನು ಕಂಡದ್ದು ಇದೇ ಮೊದಲು.

ಶ್ರೀಗಳು ಕಟ್ಟನ್ನು ಬಿಚ್ಚಿದರು. ಮೇಲಿನ ಎಲೆಗಳು ಬಾಡಿ, ಅಂಚು ಕಪ್ಪಿಟ್ಟಿದ್ದವು. ಇದೇಕೆ ಹೀಗಾಯಿತೆಂದು ಕೇಳಿದರು. ಕಸುಬಿನ ಮಾತು ಬಂದದ್ದೇ ಗುರುಶಾಂತಪ್ಪನ ದನಿ ಗಟ್ಟಿಯಾಯಿತು. ತೋಟದ ತಪ್ಪಲ್ಲ, ಎಲೆಯ ತಪ್ಪೂ ಅಲ್ಲ ಎಂದ.

"ಕೈ ಹೆಚ್ಚಾತ್ರೀ ಅಜ್ಜಾರ. ಕಟ್ಟಿದ ಮ್ಯಾಲ ಬಿಚ್ಚಬಾರದು. ನೋಡಿ ನೋಡಿ ಕೆಡಿಸೀನಿ."

ಹೇಳಿದವನು ತನ್ನ ಮಾತು ತನ್ನ ಕಿವಿಗೆ ಬಿದ್ದವನಂತೆ ತನ್ನ ಬೆರಳುಗಳನ್ನು ನೋಡಿಕೊಂಡ. ಶ್ರೀಗಳು ಮೊರ ಕೆಳಗಿಟ್ಟರು. ಕಟ್ಟಿನ ನಡುವೆ, ಬೆರಳು ತಾಕದ ಕಡೆಯಿಂದ ಹಸಿರು ಎಲೆಗಳನ್ನು ತೆಗೆದು, ಮೇಲೆ ಅಡಿಕೆ ಇಟ್ಟು, ಚಿಟಿಕೆ ವಿಭೂತಿ ಹಾಕಿ, ವಸ್ತ್ರದಲ್ಲಿ ಕಟ್ಟಿ ಅವನ ಕೈಗಿತ್ತರು.

"ಬೀಗರ ಮನಿಗೆ ಹೋಗು. ಎಲಿ ಕೊಡು, ಕೈ ತಗಿ."

"ಮುಂದ ಕೆಟ್ಟರ, ಅಜ್ಜಾರ?"

"ಕೆಟ್ಟದ್ದನ್ನ ಅವತ್ತ ಆರಿಸಿ ತಗೀತಿ. ದಿನಾ ಮುಂಜಾನೆ ಅಂಗಡ್ಯಾಗ ಅದನ್ನ ಮಾಡೂದಿಲ್ಲೇನು ನೀನು?"

ಗುರುಶಾಂತಪ್ಪ ವಸ್ತ್ರದ ಗಂಟು ಹಿಡಿದು ಎದ್ದ. ನಿಜ, ಕೆಟ್ಟ ಎಲೆ ಕಂಡು ಅವನು ಅಂಗಡಿ ಮುಚ್ಚಿದ್ದೇ ಇಲ್ಲ. ಆ ಕೆಲಸಕ್ಕೆ ಅಣ್ಣನ ಕಣ್ಣು ಬೇಕಾಗಿಯೂ ಇರಲಿಲ್ಲ.

ಮನೆಗೆ ಹೋಗದೆ ನೇರ ಬೀಗರ ಊರಿನ ದಾರಿ ಹಿಡಿದ. ಹೊಳೆಯ ಹತ್ತಿರ ಬೆರಳು ತಾನಾಗಿಯೇ ವಸ್ತ್ರದ ಗಂಟಿಗೆ ಹೋಯಿತು, ಹಿಂದಕ್ಕೆ ತೆಗೆದ. ಹೊತ್ತು ಇಳಿಯುವಾಗ ಚನ್ನವೀರಪ್ಪ ಬಾಗಿಲಲ್ಲೇ ನಿಂತಿದ್ದ.

"ಬರ್ರಿ. ಇವತ್ತ ಗ್ವಾಡಿ ನೋಡತೀರೋ, ಬಾವಿ ನೋಡತೀರೋ?"

"ಇವತ್ತ ಏನೂ ನೋಡೂದಿಲ್ಲ, ಬೀಗ್ರ. ಎಲಿ ತಗೋರಿ."

ಕೊಟ್ಟ. ಕೈ ತೆಗೆದ. ಚನ್ನವೀರಪ್ಪ ಎಲೆಯನ್ನು ಕಣ್ಣಿಗೊತ್ತಿಕೊಂಡು, "ಅಂತೂ ಬೀಗ್ರು ಅಂದ್ರಿ," ಎಂದು ನಕ್ಕ.

ಮದುವೆ ಸಾಂಗವಾಗಿ ನಡೆಯಿತು. ಆಮೇಲೆ ಎಲ್ಲವೂ ಸುಗಮವಾಯಿತೆಂದರೆ ಸುಳ್ಳಾದೀತು. ಒಂದು ವರ್ಷ ಎಲೆತೋಟಗಳಿಗೆ ರೋಗ ಬಿತ್ತು, ಮತ್ತೊಂದು ವರ್ಷ ಅಳಿಯ ಜ್ವರದಿಂದ ಬಹಳ ದಿನ ಮಲಗಿದ. ಗುರುಶಾಂತಪ್ಪ ಹೆದರಿ ಕೂತಿದ್ದ ಸಂಗತಿಗಳಲ್ಲಿ ಇವೆರಡೂ ಇರಲಿಲ್ಲ. ಬಂದ ದಿನ ಎದ್ದು ಆ ದಿನಕ್ಕೆ ಬೇಕಾದದ್ದನ್ನು ಮಾಡಿದ. ಕಷ್ಟ ಹಗುರಾದಾಗ ಮಠದ ದಿಕ್ಕಿಗೆ ಕೈ ಮುಗಿದ.

ಶ್ರೀಗಳು ಲಿಂಗೈಕ್ಯರಾಗುವ ತನಕ ಮಠಕ್ಕೆ, ಆಮೇಲೆ ಅವರ ಗದ್ದುಗೆಗೆ, ಪ್ರತಿ ಸೋಮವಾರ ಅವನ ಅಂಗಡಿಯ ಮೊದಲ ಕಟ್ಟು ತಪ್ಪದೆ ಹೋಯಿತು. ಅಜ್ಜಾರ ಪಾದಕ್ಕೆ ಹೋಗುವ ಎಲೆ, ಒಮ್ಮೆ ಬಿಚ್ಚಿ ನೋಡಬಾರದೇ ಎಂದು ಮುದುಕನಾದ ಗುರುಶಾಂತಪ್ಪನನ್ನು ಯಾರೋ ಕೇಳಿದರಂತೆ. ಅವನು ಕಟ್ಟನ್ನು ಎದೆಗೊತ್ತಿಕೊಂಡು ಅಂಗಡಿಯ ಮೆಟ್ಟಿಲಿಳಿಯುತ್ತ ಹೇಳಿದ:

"ಕಟ್ಟೂವಾಗ ನೋಡೀನಿ. ಇನ್ನ ಅದು ಅಜ್ಜಾರದು."