ಒಂದೇ ಕುಂಬಳಕಾಯಿಯ ಹಬ್ಬದೂಟ

ಮಕ್ಕಳೇ, ಕುರುಚಲು ಕಾಡೊಂದರ ನಡುವೆ ಬೆಣಚುಕಟ್ಟೆ ಎಂಬ ಕೊಳವಿತ್ತು. ಅದರ ಒಂದು ದಂಡೆಯ ಮೇಲೆ ಮಾತ್ರ ದೊಡ್ಡ ಹೊಂಗೆಮರ. ಬೇಸಿಗೆ ಬಂತೆಂದರೆ ಉಳಿದ ದಂಡೆಗಳ ಕಲ್ಲೆಲ್ಲ ಕಾದ ಹಂಚು. ಹೊಂಗೆಯ ಕೆಳಗಿನ ನೆಲ ಮಾತ್ರ ತಣ್ಣಗಿರುತ್ತಿತ್ತು. ಆ ನೆರಳು ಯಾರಿಗೆ ಎಂಬುದು ಒಂದು ಊಟದಲ್ಲಿ ತೀರ್ಮಾನವಾಗುತ್ತಿತ್ತು.

ಕೊಳ ತುಂಬಿದ ದಿನ ಅಲ್ಲಿ ಹಬ್ಬ. ವರ್ಷಕ್ಕೊಂದು ಮನೆಯವರು ಇಡೀ ಕಟ್ಟೆಗೆ ಊಟ ಹಾಕಬೇಕು. ಎಲೆಗೆ ಬಿದ್ದದ್ದನ್ನು ಯಾರೂ ಬಿಡುವಂತಿಲ್ಲ. ಸಾಕು ಎಂದು ಬಾಯಲ್ಲಿ ಹೇಳುವಂತೆಯೂ ಇಲ್ಲ. ಸಾಕಾದವರು ಎಲೆ ಮಡಚಬೇಕು. ಮಡಚುವ ತನಕ ಬಡಿಸುವವರು ಬಡಿಸುತ್ತಲೇ ಇರಬಹುದು. ಎಲ್ಲರೂ ಎಲೆ ಮಡಚಿದರೆ ಊಟ ಹಾಕಿದವರಿಗೆ ಹೊಂಗೆಯ ನೆರಳು. ಪಾತ್ರೆ ಬರಿದಾದ ಮೇಲೂ ಒಂದೇ ಒಂದು ಎಲೆ ತೆರೆದಿದ್ದರೆ ನೆರಳು ಹಿಂದೆ ಗೆದ್ದ ಹಳಬರಲ್ಲೇ ಉಳಿಯುತ್ತಿತ್ತು.

ಹಳಬ ಎಂದರೆ ನವಿಲು ಸೊಬಗಯ್ಯ. ಹಿಂದಿನ ವರ್ಷ ಅವನು ಎಲೆಯ ತುಂಬ ಬಗೆಬಗೆಯ ಖಾದ್ಯ ಬಡಿಸಿದ್ದ, ಎಲ್ಲವೂ ಬೊಟ್ಟಿಡುವಷ್ಟೇ. ಒಂದೊಂದಕ್ಕೂ ಗರಿ ಬಿಚ್ಚಿ ನಿಂತು ಅದರ ಹಿರಿಮೆ ಹೇಳಿದ. ಆ ಭಾಷಣ ಮುಗಿದರೆ ಸಾಕೆಂದು ಎಲ್ಲರೂ ಎಲೆ ಮಡಚಿ, ಮನೆಗೆ ಹೋಗಿ ಗಂಜಿ ಕುಡಿದರು.

ಈ ವರ್ಷದ ಸರದಿ ಮುಳ್ಳುಹಂದಿ ಚೆನ್ನಾಜಮ್ಮನದು. ಕಳೆದ ಬೇಸಿಗೆಯಲ್ಲಿ ಅವಳ ಮಗಳು ನೀರಿಗೆ ಹೋಗಿ ಅಂಗಾಲು ಸುಟ್ಟುಕೊಂಡು ಬಂದಿದ್ದಳು. ಈಗ ಬಿಲದಲ್ಲಿ ಇನ್ನೊಂದು ಎಳೆಗೂಸು ಬೇರೆ. ಆ ನೆರಳು ಅವಳಿಗೆ ಬೇಕೇ ಬೇಕಿತ್ತು.

ಆದರೆ ಬಿಲದಲ್ಲಿ ಇದ್ದದ್ದೇನು? ಒಂದು ಭಾರಿ ಸಿಹಿಗುಂಬಳ, ಒಂದಿಷ್ಟು ಹುರುಳಿ, ರಾಗಿಹಿಟ್ಟು, ಒಂದು ಅಚ್ಚು ಬೆಲ್ಲ. ಗಂಡ ಬೋರಯ್ಯ ಅದನ್ನೆಲ್ಲ ನೋಡಿ ನಿಟ್ಟುಸಿರು ಬಿಟ್ಟ. ಸೊಬಗಯ್ಯನ ಹತ್ತಿರ ಏನಾದರೂ ಕಡ ತರೋಣವೇ ಎಂದು ಮೆಲ್ಲಗೆ ಕೇಳಿದ.

"ತನ್ನಿ. ಆಮೇಲೆ ಉಣ್ಣುವವರು ಒಂದೊಂದು ತುತ್ತಿಗೂ ಅವನ ಹೆಸರು ಹೇಳಲಿ. ಬೆವರು ಸುರಿಸಿ ಬೇಯಿಸುವವಳು ನಾನು, ಬಾಲ ಬಿಚ್ಚುವವನು ಅವನು" ಎಂದಳು ಚೆನ್ನಾಜಮ್ಮ.

ಅವಳು ಕುಂಬಳಕಾಯಿಯ ಮುಂದೆ ಕುಳಿತು ಅದನ್ನು ಸುತ್ತಲೂ ತಿರುಗಿಸಿ ನೋಡಿದಳು. ಹುರುಳಿ ಬೇಯಿಸಿದರೆ ಕಟ್ಟು ಬಸಿದು ಸಾರು ಮಾಡಬಹುದು. ಬೆಂದ ಕಾಳಿಗೆ ಒಗ್ಗರಣೆ ಕೊಟ್ಟರೆ ಉಸಲಿ. ಕುಂಬಳದ ತಿರುಳಲ್ಲಿ ಅರ್ಧ ಪಲ್ಯಕ್ಕೆ, ಇನ್ನರ್ಧ ಬೆಲ್ಲದ ಜೊತೆ ಕಡುಬಿಗೆ. ಬೀಜ ಹುರಿದರೆ ಹಪ್ಪಳದ ಜಾಗ ತುಂಬುತ್ತದೆ. ಉಳಿದದ್ದು ಸಿಪ್ಪೆ. ಅದನ್ನು ಹುರಿದು, ಕಾಡಿನ ಹುಣಸೆಹಣ್ಣು, ಕೆಂಪು ಮೆಣಸಿನಕಾಯಿ ಹಾಕಿ ರುಬ್ಬಿದರೆ ಚಟ್ನಿ.

"ಎಸೆಯಲಿಕ್ಕೆ ಏನೂ ಉಳಿಯಲಿಲ್ಲವಲ್ಲೇ" ಎಂದ ಬೋರಯ್ಯ.

"ತೊಟ್ಟೊಂದು ಉಳಿದಿದೆ. ಬೇಕಾದರೆ ಎಸೆದು ಬನ್ನಿ."

ಅಷ್ಟರಲ್ಲಿ ನೆರೆಮನೆಯ ಮೊಲ ಪುಟ್ಟೀರಮ್ಮ ಓಡಿಬಂದಳು. ಸೊಬಗಯ್ಯ ನಿನ್ನೆಯಿಂದ ಒಂದು ಕಾಳೂ ಮುಟ್ಟಿಲ್ಲವಂತೆ. ಹಬ್ಬದ ದಿನ ಖಾಲಿ ಹೊಟ್ಟೆಯಲ್ಲಿ ಬಂದು, ಮೊದಲು ಬಡಿಸುವ ಸಿಹಿಯನ್ನೆಲ್ಲ ಒಬ್ಬನೇ ಮುಗಿಸಿ, ಆಮೇಲೆ ಎಲೆ ತೆರೆದಿಟ್ಟುಕೊಂಡು ಕೂರುತ್ತಾನಂತೆ. ಮುಳ್ಳುಹಂದಿಯ ಪಾತ್ರೆಯ ತಳ ಎಲ್ಲರಿಗೂ ತೋರಿಸುತ್ತೇನೆ ಎಂದು ಮರದ ಮೇಲಿಂದ ಸಾರಿದ್ದನಂತೆ.

ಬೋರಯ್ಯನ ಮುಖ ಬಾಡಿತು. ಹಸಿದ ಮಗಳು ಆಟ ಬಿಟ್ಟು ಓಡಿಬಂದಾಗ ಏನು ಮಾಡುತ್ತಾಳೆ ಎಂಬುದು ಚೆನ್ನಾಜಮ್ಮನಿಗೆ ನೆನಪಾಯಿತು. ಕೈಗೆ ಮೊದಲು ಸಿಕ್ಕಿದ್ದರಲ್ಲೇ ಹೊಟ್ಟೆ ತುಂಬಿಸಿಕೊಂಡು, ಆಮೇಲೆ ಬೆಲ್ಲ ತೋರಿಸಿದರೂ ಮುಖ ತಿರುಗಿಸುತ್ತಾಳೆ.

"ಸಿಹಿ ಮೊದಲೇ ಬಡಿಸಬೇಕು ಎಂದು ಕಟ್ಟೆಯಲ್ಲಿ ಕಟ್ಟಳೆ ಇದೆಯೇನಕ್ಕ?" ಎಂದು ಚೆನ್ನಾಜಮ್ಮ ಕೇಳಿದಳು.

ಇಲ್ಲ, ಅದು ಬರೀ ರೂಢಿ ಎಂದಳು ಪುಟ್ಟೀರಮ್ಮ.

"ಹಾಗಾದರೆ ಅವನು ಚೆನ್ನಾಗಿ ಹಸಿದುಕೊಂಡೇ ಬರಲಿ."

ಹಬ್ಬದ ದಿನ ಎಲ್ಲರೂ ಮುತ್ತುಗದ ಎಲೆಗಳ ಮುಂದೆ ಸಾಲಾಗಿ ಕುಳಿತರು. ಹಿರಿಯಳಾದ ಆಮೆ ನಂಜಜ್ಜಿ ಸಾಲಿನ ತಲೆಯಲ್ಲಿ, ಸೊಬಗಯ್ಯ ಎಲ್ಲರಿಗೂ ಕಾಣುವಂತೆ ನಡುವೆ. ಹಸಿವಿಗೆ ಅವನ ಕತ್ತು ಇನ್ನಷ್ಟು ಉದ್ದವಾದಂತಿತ್ತು. ಎಲೆಯ ಮೇಲೆ ಮೊದಲು ಬಿದ್ದದ್ದು ಕಡುಬಲ್ಲ, ಬಿಸಿಬಿಸಿ ರಾಗಿಮುದ್ದೆ. ಅದರ ಮೇಲೆ ಹುರುಳಿ ಕಟ್ಟಿನ ಸಾರು. ಪಕ್ಕದಲ್ಲಿ ಕೆಂಪಗೆ ಒಂದು ಚಟ್ನಿ.

ಸಿಹಿ ಬರುವ ತನಕ ಕಾಯಬೇಕೆಂದು ಸೊಬಗಯ್ಯ ಅಂದುಕೊಂಡದ್ದು ನಿಜ. ಆದರೆ ಸಾರಿನ ಘಮ ಕಾಯಲು ಬಿಡಲಿಲ್ಲ. ಒಂದು ಮುದ್ದೆ ನುಂಗಿದ. ಚಟ್ನಿ ನಾಲಿಗೆಗೆ ತಾಗಿದ್ದೇ ಇನ್ನೊಂದು ಮುದ್ದೆಗೆ ಕತ್ತು ಚಾಚಿದ. ಚೆನ್ನಾಜಮ್ಮ ಹಾಕಿದಳು. ಉಸಲಿ ಬಂತು, ಪಲ್ಯ ಬಂತು, ಹುರಿದ ಬೀಜ ಬಂತು. ಅವನು ತಲೆ ಎತ್ತಲೇ ಇಲ್ಲ.

ಆಮೇಲೆ ಕಡುಬು ಬಂತು. ಮೊದಲು ಸಾಲಿನ ಮಿಕ್ಕವರಿಗೆಲ್ಲ ಒಂದೊಂದು. ಒಬ್ಬೊಬ್ಬರಾಗಿ ಬೆರಳು ನೆಕ್ಕಿಕೊಂಡು ಎಲೆ ಮಡಚಿದರು. ಕೊನೆಗೆ ಸಾಲಿನಲ್ಲಿ ಒಂದೇ ಎಲೆ ತೆರೆದಿತ್ತು. ಅದರ ಮುಂದೆ ಸೊಬಗಯ್ಯ ಕಣ್ಣು ತೇಲಿಸಿಕೊಂಡು ಕುಳಿತಿದ್ದ. ಪಾತ್ರೆಯಲ್ಲಿ ಇನ್ನೂ ಕಡುಬುಗಳಿದ್ದವು.

ಅವನ ಎಲೆಗೆ ಒಂದು ಕಡುಬು ಬಿತ್ತು. ಎಲೆಗೆ ಬಿದ್ದದ್ದನ್ನು ಬಿಡುವಂತಿಲ್ಲ. ಹೇಗೋ ನುಂಗಿದ. ಇನ್ನೊಂದು ಬಿತ್ತು. ಅದು ಗಂಟಲವರೆಗೆ ಹೋಗಿ, ಮುಂದೆ ಹೋಗಲೋ ಬೇಡವೋ ಎಂದು ಯೋಚಿಸಿ, ಕಷ್ಟಪಟ್ಟು ಇಳಿಯಿತು.

ಚೆನ್ನಾಜಮ್ಮ ಮೂರನೆಯದನ್ನು ಸೌಟಿನಲ್ಲಿ ಹಿಡಿದು ನಿಂತಳು. "ಸಂಕೋಚ ಮಾಡಿಕೊಳ್ಳಬೇಡಿ ಸೊಬಗಯ್ಯನವರೇ. ಪಾತ್ರೆಯ ತಳ ನೋಡಬೇಕು ಅಂದಿದ್ದಿರಂತೆ. ತಳ ಇನ್ನೂ ದೂರ ಇದೆ."

ಸಾಲಿಗೆ ಸಾಲೇ ನಕ್ಕಿತು. ಸೊಬಗಯ್ಯ ಎದ್ದು ಗರಿ ಬಿಚ್ಚಿ ಏನೋ ಒಂದು ದೊಡ್ಡ ಮಾತು ಹೇಳಬೇಕೆಂದ. ಹೊಟ್ಟೆ ಏಳಲು ಬಿಡಲಿಲ್ಲ. ಸೌಟು ಇನ್ನೂ ಹತ್ತಿರ ಬಂತು. ಅವನು ಗಡಬಡಿಸಿ ಎರಡೂ ಕಾಲುಗಳಿಂದ ಎಲೆಯನ್ನು ಮಡಚಿ, ಅದು ಮತ್ತೆ ತೆರೆದುಕೊಂಡೀತೆಂದು ಅದರ ಮೇಲೇ ಕುಳಿತುಬಿಟ್ಟ.

ನಂಜಜ್ಜಿ ಚಿಪ್ಪಿನಿಂದ ಕತ್ತು ಪೂರ್ತಿ ಹೊರಗೆ ಹಾಕಿ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. "ಎಲ್ಲರೂ ಎಲೆ ಮಡಚಿದ್ದಾರೆ. ಹೊಂಗೆಯ ನೆರಳು ಚೆನ್ನಾಜಮ್ಮನದು" ಎಂದಳು.

ಬೋರಯ್ಯ ಅಂದೇ ಹೊಂಗೆಯ ಬುಡದಲ್ಲಿ ಬಿಲ ತೋಡಲು ಶುರುಮಾಡಿದ. ಮಗಳು ಅಗೆದ ಮಣ್ಣಿನಲ್ಲಿ ಅಂಗಾಲು ಒತ್ತಿ, "ಅಮ್ಮಾ, ತಣ್ಣಗಿದೆ" ಎಂದಳು. ಚೆನ್ನಾಜಮ್ಮ ಪಕ್ಕದಲ್ಲಿ ತನ್ನ ಕಾಲನ್ನೂ ಇಟ್ಟಳು.

ಮಾರನೆಯ ದಿನ ಸೊಬಗಯ್ಯ ಗರಿ ಮುದುರಿಕೊಂಡು ಅತ್ತ ಬಂದ. ಸುತ್ತಿ ಬಳಸಿ ಮಾತಾಡಿ, ಕೊನೆಗೆ ಆ ಕೆಂಪು ಚಟ್ನಿ ಯಾವುದರದು ಎಂದು ಕೇಳಿದ.

"ನೀವು ಮರದ ಮೇಲಿಂದ ಎಸೆಯುತ್ತೀರಲ್ಲ, ಆ ಕುಂಬಳದ ಸಿಪ್ಪೆಯದು" ಎಂದಳು ಚೆನ್ನಾಜಮ್ಮ. "ಒಳಗೆ ಬನ್ನಿ. ಒಂದು ಚಮಚ ಉಳಿದಿದೆ."

ನೀತಿ: ಇರುವುದು ಸ್ವಲ್ಪವಾದರೂ ಯೋಚಿಸಿ ಬಳಸುವವರ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ, ಇನ್ನೊಬ್ಬರ ಕೊರತೆ ತೋರಿಸಲು ಹೋದವನಿಗೆ ತನ್ನದೇ ಹೊಟ್ಟೆ ಸೋಲು ತಂದೀತು.