ನಾದಿಟ್ಟ ಹಿಟ್ಟು

ಗದಗಿನ ಸ್ಟೇಶನ್ ರಸ್ತೆಯಲ್ಲಿ ಈರಭದ್ರಪ್ಪನ ಖಾನಾವಳಿ. ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಮುದುಕಿ ಕೆಲಸ ಬಿಟ್ಟು ಮಗಳ ಊರಿಗೆ ಹೋದಳು. ಪಲ್ಯ ಎಷ್ಟೇ ರುಚಿಯಾಗಿರಲಿ, ಬಿಸಿ ರೊಟ್ಟಿ ಇಲ್ಲದ ಖಾನಾವಳಿಗೆ ಗಿರಾಕಿ ಮತ್ತೆ ಬರುವುದಿಲ್ಲ.

ಕೆಲಸ ಕೇಳಿಕೊಂಡು ಕಾಶವ್ವ ಬಂದಳು. ಗಂಡ ತೀರಿದ ಮೇಲೆ ಅವಳ ಮನೆ ಅವಳ ಕೈಮೇಲೇ ನಡೆಯುತ್ತಿತ್ತು.

"ಕೈಗುಣ ನೋಡಬೇಕಲ್ಲ ತಂಗಿ. ಇವತ್ತೊಂದಿಷ್ಟು ಬಡಿ," ಎಂದ ಈರಭದ್ರಪ್ಪ.

ಬಡಿದಳು. ಉಂಡವರೆಲ್ಲ ಇನ್ನೊಂದು, ಇನ್ನೊಂದು ಎಂದರು. ಈರಭದ್ರಪ್ಪನಿಗೆ ಒಳಗೊಳಗೇ ಹಿಗ್ಗು. ಆದರೆ ಹೊಗಳಿದರೆ ಪಗಾರ ಏರಿಸಿ ಕೇಳುತ್ತಾಳೆ, ತಿರುಗಾಡಿಸಿದರೆ ತಾನಾಗಿ ಇಳಿಯುತ್ತಾಳೆ ಎಂಬ ಲೆಕ್ಕ ಅವನದು. ಮುಖ ಗಂಟು ಹಾಕಿಕೊಂಡು, "ನೋಡೂಣು, ಹೇಳಿ ಕಳಸ್ತೀನಿ," ಎಂದ.

ಆ ಮಾತು ನಂಬಿ ಕಾಶವ್ವ ಒಂದು ಮದುವೆಮನೆಯ ಕೆಲಸ ಬಿಟ್ಟಳು. ಕರೆ ಬರಲಿಲ್ಲ. ಸಂತೆಯ ದಿನ ಗಿರಾಕಿ ತುಂಬಿದಾಗ ಮಾತ್ರ ಅವನಿಗೆ ನೆನಪಾದಳು. "ಇನ್ನೊಮ್ಮೆ ಕೈ ನೋಡೂಣು ಬಾ." ಮತ್ತೆ ಬಡಿದಳು. ಮತ್ತೆ ಅದೇ ಮಾತು. ಪರೀಕ್ಷೆಗೆ ಪಗಾರ ಎಲ್ಲಿಯದು?

ಮುಂದಿನ ಸಂತೆಗೂ ಕರೆಸಿದ. "ನಮ್ಮಣ್ಣಾರೂ ಒಂದ್ಸಲ ನೋಡಬೇಕಂತವಾ."

ಕಾಶವ್ವನಿಗೆ ಆಟ ತಿಳಿಯಿತು. ಬಿಸಿನೀರು ಹಾಕಿ ಹಿಟ್ಟು ನಾದಿದಳು. ನಾದಿದವಳೇ ಕೈಕಟ್ಟಿ ಕುಳಿತಳು. ಹಂಚು ಕಾದಿತು. ಹೊರಗೆ ಗಿರಾಕಿಗಳ ಗದ್ದಲ ಎದ್ದಿತು.

ಈರಭದ್ರಪ್ಪ ಓಡಿಬಂದ. "ಯಾಕ, ಬಡಿಯವಲ್ಲಿ?"

"ನೋಡೂಣ್ರಿ. ಹೇಳಿ ಕಳಸ್ತೀನಿ."

"ಚ್ಯಾಷ್ಟಿ ಮಾಡ್ತಿಯೇನು? ಬಡಿ ಮೊದಲ!"

ಬಡಿದಳು. ಅಂಚು ಬಿರಿಯಿತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ಎರಡು ತುಂಡು.

"ಜ್ವಾಳದ ಹಿಟ್ಟು ನಾದಿದ ಕೂಡ್ಲೇ ಬಡೀಬೇಕ್ರಿ ಸಾವ್ಕಾರ್ರ. ಕಾಯಿಸಿದ್ರ ಹರೀತೈತಿ. ಹಿಟ್ಟಿಗೇ ಅಷ್ಟು ಮಾನ ಐತಿ, ನನಗಿಲ್ಲೇನ್ರಿ?" ಎಂದು ಕೈ ತೊಳೆದು ಎದ್ದಳು.

"ಹೋಗು, ಹೋಗು! ನಿನ್ನಂಥವರು ಸಾಲುಗಟ್ಟಿ ಬರ್ತಾರ!"

"ಬಂದವರನ್ನೂ ಹಿಂಗ ಕುಂದ್ರಸ್ರಿ."

ಎದುರಿಗೇ ದಾನಮ್ಮನ ಖಾನಾವಳಿ. ಕಾಶವ್ವ ಅಲ್ಲಿ ಹೋಗಿ ಕೆಲಸ ಕೇಳಿದಳು. ದಾನಮ್ಮ ಒಂದೇ ರೊಟ್ಟಿ ಬಡಿಯಲು ಹೇಳಿ ನೋಡಿದಳು. ಮುರಿದು ಬಾಯಿಗಿಟ್ಟುಕೊಂಡು ಹೇಳಿದಳು: "ಕೈ ಚಲೋ ಐತಿ. ಪಗಾರ ಇಷ್ಟು ಕೊಡ್ತೀನಿ. ಒಪ್ಪಿಗಿ ಇದ್ರ ನಾಳಿಂದ ಬಾ. ಇಲ್ಲಂದ್ರ ಈಗ ಹೇಳವಾ, ನಾ ಬ್ಯಾರೆಯವರನ್ನ ನೋಡ್ಕೋತೀನಿ." ಪ್ರೀತಿಯ ಮಾತೇನೂ ಅಲ್ಲ. ಆದರೆ ನೆಟ್ಟಗಿನ ಮಾತು. ಕಾಶವ್ವ ಒಪ್ಪಿದಳು.

ಈರಭದ್ರಪ್ಪನ ಬಾಗಿಲಿಗೂ ಜನ ಬಂದರು. ಅವರಿಗೂ ಅದೇ "ನೋಡೂಣು". ಕೆಲಸ ಬಲ್ಲವರು ಎರಡನೇ ಸಲ ತಿರುಗಿ ನೋಡಲಿಲ್ಲ. ತಿರುಗಿ ತಿರುಗಿ ಬಂದವರಿಗೆ ರೊಟ್ಟಿ ಬರುತ್ತಿರಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಕೊನೆಗೆ ಅವನೂ ದಾಟಿದ.

"ಬಾ ಕಾಶವ್ವ, ನೀ ಕೇಳಿದಷ್ಟು ಪಗಾರ."

ಕಾಶವ್ವ ಹಂಚಿನ ಮೇಲಿನ ಕಣ್ಣು ತೆಗೆಯಲಿಲ್ಲ. "ಕೆಲಸಕ್ಕ ಕರಿಯಾಕ ಬಂದಿದ್ರ ತಡ ಆತ್ರಿ. ಊಟಕ್ಕ ಬಂದಿದ್ರ ಕುಂದರ್ರಿ. ಇಲ್ಲೆ ಯಾರನ್ನೂ ಕಾಯಸೂದಿಲ್ಲ."

ನೀತಿ: ಕೆಲಸ ಕೇಳಿ ಬಂದವರನ್ನು ಪರೀಕ್ಷಿಸಿ, ತಪ್ಪಿಲ್ಲ. ಆದರೆ ಹೂಂ ಎನ್ನುವುದಿರಲಿ, ಒಲ್ಲೆ ಎನ್ನುವುದಿರಲಿ, ಬೇಗ ಹೇಳಿ. ಸುಮ್ಮನೆ ಕಾಯಿಸಿದರೆ ಕೆಲಸ ಬಲ್ಲವರು ಎದುರು ಅಂಗಡಿಗೆ ಹೋಗುತ್ತಾರೆ, ಯಾರಿಗೂ ಬೇಡವಾದವರು ನಿಮ್ಮ ಬಾಗಿಲಲ್ಲಿ ಉಳಿಯುತ್ತಾರೆ.